ಪಂಪು ಎಲ್ಲಿ ತೊಳೀತೀರಿ

ಗ್ರಾಮ ಪಂಚಾಯಿತಿ ಚುನಾವಣೆಗೆ ನಾನು ನಿಂತದ್ದು ಸಿಟ್ಟಿನಿಂದ. ಊರಿನ ಸೇವೆ ಮಾಡಬೇಕೆಂದು ನಿಂತಿದ್ದೇನೆ ಅಂತ ಆಗ ಮನೆಮನೆಗೂ ಹೇಳಿಕೊಂಡು ತಿರುಗಿದ್ದೆ. ಈಗ ಎಲ್ಲ ಮುಗಿದು, ಗೋಡೆಗೆ ಹಚ್ಚಿದ ಕಾಗದಗಳೂ ಬಿಸಿಲಿಗೆ ಬೆಳ್ಳಗಾಗಿವೆ. ನಿಜ ಹೇಳಿದರೆ ಯಾರಿಗೂ ನಷ್ಟವಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಗಂಡ ಇದನ್ನು ಮದುವೆಯಾದ ಮೂರನೆಯ ದಿನವೇ ಕಂಡುಕೊಂಡರು. ಅಂದಿನಿಂದ ಬೇಕಾದ್ದಕ್ಕೆ ಮಾತ್ರ ಬಾಯಿ ತೆರೆಯುತ್ತಾರೆ.

ಆ ಸಿಟ್ಟು ಊರಿನ ಕುಡಿಯುವ ನೀರಿನ ಕೆರೆಯದು. ನನ್ನ ತವರು ಸಂತೆಕಲ್ಲೂರು. ಮಳೆಯನ್ನೇ ನಂಬಿದ ಜೋಳ, ತೊಗರಿಯ ಸೀಮೆ. ನಮ್ಮವ್ವ ಮುಖ ತೊಳೆದ ನೀರನ್ನೂ ಬಚ್ಚಲಿಗೆ ಬಿಡದೆ ಬೋಗಾಣಿಯಲ್ಲಿ ಹಿಡಿದು ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದಳು. ಅಲ್ಲಿಂದ ಮದುವೆಯಾಗಿ, ಬಳಗಾನೂರಿನ ಆಚೆಗಿರುವ ಈ ಕಾಲುವೆ ಊರಿಗೆ ಬಂದಾಗ ಕಣ್ಣು ಹರಿದಷ್ಟೂ ನೆಲ್ಲಿನ ಗದ್ದೆ, ಗದ್ದೆಯ ಬದುವಿನ ಪಕ್ಕದಲ್ಲೇ ಹರಿಯುವ ನೀರು ಕಂಡು ದಂಗಾಗಿದ್ದೆ. ಆದರೆ ನೀರು ಎಷ್ಟಿತ್ತೋ ಅದರ ಬಗ್ಗೆ ಉದಾಸೀನವೂ ಅಷ್ಟೇ ಇತ್ತು.

ಊರ ಹೊರಗೆ ನಾಲ್ಕೂ ಕಡೆ ಏರಿ ಹಾಕಿ ಕಟ್ಟಿದ ಕೆರೆಯಿದೆ. ಕಾಲುವೆ ಹರಿಯುವಾಗ ಅದನ್ನು ತುಂಬಿಸಿಕೊಳ್ಳುತ್ತಾರೆ. ಕಾಲುವೆ ಬಂದಾದರೆ ಊರಿನ ನಲ್ಲಿಗಳಿಗೆಲ್ಲ ಅದೇ ಆಧಾರ. ಕಾಲುವೆ ಬಂದಾದ ದಿನಗಳಲ್ಲೂ ಹೊಲಕ್ಕೆ, ಸಸಿ ಮಡಿಗೆ ಹುಳದ ಔಷಧಿ ಹೊಡೆಯುವುದು ನಿಲ್ಲುವುದಿಲ್ಲ. ಬೆನ್ನಿಗೆ ಕಟ್ಟಿಕೊಂಡು ಹೊಡೆಯುವ ಪಂಪನ್ನು ತೊಳೆಯಲು ಬೇರೆ ನೀರು ಸಿಗದೆ ಮಂದಿ ಸೀದಾ ಆ ಕೆರೆಗೇ ಬರುತ್ತಿದ್ದರು. ಪಂಪು ಅದ್ದಿ ಎತ್ತಿದರೆ ನೀರಿನ ಮೇಲೆ ಬೆಳ್ಳನೆಯ ಪದರವೊಂದು ಮೆಲ್ಲಗೆ ಹರಡಿಕೊಳ್ಳುತ್ತಿತ್ತು. ಸಂಜೆಗೆ ಅದೇ ನೀರು ನಲ್ಲಿಯಲ್ಲಿ. ಪಂಚಾಯಿತಿಯವರಿಗೆ ಇದರ ಬಿಸಿ ತಟ್ಟಿರಲಿಲ್ಲ, ಏಕೆಂದರೆ ಅನುಕೂಲವಿದ್ದ ಮನೆಗಳಿಗೆಲ್ಲ ಬಸ್ ನಿಲ್ದಾಣದ ಬಳಿಯ ಘಟಕದಿಂದ ಫಿಲ್ಟರ್ ನೀರಿನ ಕ್ಯಾನು ಬರುತ್ತಿತ್ತು. ನಮ್ಮ ಮನೆಗೂ ಬರುತ್ತಿತ್ತು. ಕೆರೆಯ ನೀರನ್ನೇ ಕುಡಿಯುತ್ತಿದ್ದವರು ಕೆಳಗಿನ ಕಾಲೋನಿಯವರು.

ಪಂಪು ಹಿಡಿದು ಏರಿ ಹತ್ತಿದವರನ್ನು ನಾನು ಎಷ್ಟೋ ಸಲ ಬೈದಿದ್ದೇನೆ. ಅವರು ನಗುತ್ತಲೇ ತೊಳೆದುಕೊಂಡು ಹೋಗುತ್ತಿದ್ದರು. ನಮ್ಮ ಮನೆಯ ಪಂಪು ಮಾತ್ರ ಯಾವಾಗ ನೋಡಿದರೂ ಹೊಸದರಂತೆ ಫಳಫಳ ಹೊಳೆಯುತ್ತ ಗೂಟಕ್ಕೆ ನೇತಾಡುತ್ತಿತ್ತು. ಅದನ್ನು ನೋಡಿ ನಮ್ಮ ಮಾವನ ಶಿಸ್ತಿನ ಬಗ್ಗೆ ನನಗೆ ಹೆಮ್ಮೆಯಿತ್ತು.

ಹೀಗಿರುವಾಗ ಚುನಾವಣೆ ಬಂತು. ನಮ್ಮ ವಾರ್ಡಿನ ಸ್ಥಾನ ಸಾಮಾನ್ಯ ಮಹಿಳೆಗೆ ಮೀಸಲು ಎಂದು ಗೊತ್ತಾದ ದಿನವೇ ನಿಲ್ಲುತ್ತೇನೆ ಅಂದೆ. ನಾನು ಮನೆಯ ಮುಂಚಾವಣಿಯಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಊರಿನ ಅರ್ಧ ಹೆಂಗಸರ ಅಳತೆ ನನಗೆ ಗೊತ್ತು, ಓಟು ಎಲ್ಲಿ ಹೋಗುತ್ತದೆ ಎಂದುಕೊಂಡೆ. ಸಿಂಧನೂರಿಗೆ ಹೋಗಿ ಕರಪತ್ರ ಮಾಡಿಸಿದೆ. ‘ಮಕ್ಕಳ ಕಾಲಕ್ಕೂ ಉಳಿಯುವ ಊರು’ ಎಂದು ದಪ್ಪಕ್ಷರದ ತಲೆಬರಹ. ಕೆರೆಯ ಸುತ್ತ ಬೇಲಿ, ಖಾಲಿ ಔಷಧಿ ಬಾಟಲಿ ಹಾಕಲು ಊರಿನ ನಾಲ್ಕು ಕಡೆ ಡ್ರಮ್ಮು, ಶಾಲೆಯ ದಾರಿಗುಂಟ ಬೇವು, ಹೊಂಗೆ. ಕೊನೆಗೆ ನನ್ನ ಸಿಟ್ಟಿಗೆ ತಕ್ಕ ಒಂದು ಸಾಲು: ಕೆರೆಯಲ್ಲಿ ಪಂಪು ತೊಳೆದವರ ಹೆಸರನ್ನು ಏರಿಯ ಮೇಲೆ ಬೋರ್ಡು ಬರೆಸಿ ಹಾಕುತ್ತೇನೆ. ಆ ಸಾಲು ನನಗೆ ಬಹಳ ಹಿಡಿಸಿತ್ತು. ಮಸ್ಕಿಯಲ್ಲಿ ಬೋರ್ಡನ್ನೂ ಮೊದಲೇ ಮಾಡಿಸಿ ತಂದು, ಹೆಸರಿಗೆ ಜಾಗ ಖಾಲಿ ಬಿಟ್ಟು, ಕಪಾಟಿನ ಹಿಂದೆ ಇಟ್ಟುಕೊಂಡಿದ್ದೆ.

ನನ್ನ ಎದುರಿಗೆ ನಿಂತದ್ದು ಒಬ್ಬಳೇ. ಕಾಲೋನಿಯ ನಾಟಿ ಗುಂಪಿನ ಮುಂದಾಳು. ಇಪ್ಪತ್ತು ಹೆಂಗಸರ ಗುಂಪು. ನೆಲ್ಲು ಹಚ್ಚುವ ಕಾಲಕ್ಕೆ ಯಾರ ಗದ್ದೆಗೆ ಯಾವ ದಿನ ಇಳಿಯಬೇಕೆಂದು ಮಾತಾಡುವವಳು ಆಕೆ. ಐವತ್ತರ ಹತ್ತಿರದ ವಯಸ್ಸು, ಓದು ಬರಹ ಇಲ್ಲ, ಮಾತು ಬಹಳ ಕಡಿಮೆ. ಗುಂಪಿನವರೆಲ್ಲ ಯಕ್ಕಾ ಎನ್ನುತ್ತಿದ್ದರು. ನಾನು ಏನೂ ಎನ್ನುತ್ತಿರಲಿಲ್ಲ, ಏಕೆಂದರೆ ನಮ್ಮಿಬ್ಬರ ನಡುವೆ ಮಾತು ನಿಂತು ಆರು ತಿಂಗಳಾಗಿತ್ತು.

ಅದರ ಕಥೆ ಇಷ್ಟೇ. ಹಿಂದಿನ ಮುಂಗಾರಿನ ನಾಟಿಗೆ ಆ ಗುಂಪು ನಮ್ಮ ಗದ್ದೆಗೆ ಬರುವುದಿಲ್ಲ ಎಂದುಬಿಟ್ಟಿತು. ಕಾಲುವೆಗೆ ನೀರು ಬಂದಿದೆ, ಮಡಿಯಲ್ಲಿ ಸಸಿ ಬಲಿಯುತ್ತಿದೆ, ಊರಿನ ಉಳಿದ ಗುಂಪುಗಳೆಲ್ಲ ಮೊದಲೇ ಬೇರೆಯವರಿಗೆ ಮಾತು ಕೊಟ್ಟಿವೆ. ಯಾಕಂತೆ ಎಂದು ಕೇಳಿದರೆ ಮಾವ, ಸೊಕ್ಕು ಎಂದಷ್ಟೇ ಹೇಳಿದರು. ನಾನು ಚಪ್ಪಲಿ ಮೆಟ್ಟಿಕೊಂಡು ನೇರ ಕಾಲೋನಿಗೆ ನಡೆದು, ಆಕೆಯ ಮನೆಯ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಆಕೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಎಲ್ಲ ಕೇಳಿಸಿಕೊಂಡು, ‘ಮನ್ಯಾಗ ಕೇಳು ತಂಗಿ’ ಎಂದಳು. ಅಷ್ಟೇ. ನಾನು ಮನೆಯಲ್ಲಿ ಕೇಳಲಿಲ್ಲ. ಸಿಟ್ಟು ಬಂದವಳಿಗೆ ಕೇಳುವ ವ್ಯವಧಾನ ಎಲ್ಲಿರುತ್ತದೆ? ಮಾವ ಬೇರೆ ಊರಿನಿಂದ ಗುಂಪು ಕರೆಸಿದರು, ನಾಟಿ ತಡವಾಯಿತು, ನನ್ನ ಹೊಟ್ಟೆಯಲ್ಲಿ ಆ ಕೋಪ ಹಾಗೇ ಉಳಿಯಿತು.

ಹಾಗಾಗಿ ಆಕೆ ನಾಮಪತ್ರ ಹಾಕಿದಾಗ ನಾನು ಕಿರಾಣಿ ಅಂಗಡಿಯ ಮುಂದೆ ನಿಂತು ಹತ್ತು ಜನ ಕೇಳುವಂತೆ, ಈಕೆ ಡಮ್ಮಿ, ಯಾರೋ ದೊಡ್ಡ ಕುಳ ಹಿಂದೆ ನಿಂತು ಕುಣಿಸುತ್ತಿದ್ದಾನೆ ಎಂದೆ. ನಮ್ಮ ಕಡೆ ಹಾಗೆ ಆಗುವುದುಂಟು. ಹೆಂಡತಿಯ ಹೆಸರಲ್ಲಿ ಗಂಡ, ಆಳಿನ ಹೆಸರಲ್ಲಿ ಧಣಿ ಪಂಚಾಯಿತಿ ನಡೆಸುತ್ತಾರೆ. ಆದರೆ ಈಕೆಯ ಹಿಂದೆ ಇದ್ದವರು ಆ ಇಪ್ಪತ್ತು ಹೆಂಗಸರು ಮಾತ್ರ. ಅದು ನನಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕೆಂದೂ ಅನ್ನಿಸಲಿಲ್ಲ.

ಚಿಹ್ನೆ ಹಂಚಿದಾಗ ನನಗೆ ಹೊಲಿಗೆ ಯಂತ್ರ ಬಂತು. ದೇವರೇ ನನ್ನ ಪರ ಪ್ರಚಾರಕ್ಕೆ ಇಳಿದ ಎಂದುಕೊಂಡೆ. ಆಕೆಗೆ ಆಟೋ. ನಾನು ಬೀದಿ ಬೀದಿ ತಿರುಗಿ ಗಂಟಲು ಹರಿದುಕೊಂಡರೆ ಆಕೆ ಪ್ರಚಾರಕ್ಕೆಂದು ಮನೆಯಿಂದ ಹೊರಗೇ ಬರಲಿಲ್ಲ. ನಾಟಿ ಇಲ್ಲದ ಆ ತಿಂಗಳಲ್ಲಿ ಗುಂಪು ಒಣಸೀಮೆಗೆ ಹತ್ತಿ ಬಿಡಿಸಲು ಹೋಗುತ್ತಿತ್ತು. ದಿನಾ ಬೆಳಿಗ್ಗೆ ಅಷ್ಟೂ ಹೆಂಗಸರನ್ನು ಒತ್ತಿ ತುಂಬಿಕೊಂಡು ಆಕೆಯ ಚಿಹ್ನೆಯೇ ಊರ ನಡುವೆ ಹಾದುಹೋಗುತ್ತಿತ್ತು.

ಹಗಲೆಲ್ಲ ಕಾಲೋನಿಯಲ್ಲಿ ಯಾರೂ ಸಿಗದೆ ಬೇಸತ್ತು ಒಂದು ದಿನ ನಾನೇ ಅವರಿದ್ದಲ್ಲಿಗೆ ಹೋದೆ. ಅವರು ಆಗ ನನ್ನ ತವರಿನ ಹತ್ತಿರದ ಹೊಲವೊಂದರಲ್ಲಿ ಹತ್ತಿ ಬಿಡಿಸುತ್ತಿದ್ದರು. ಎದುರಾಳಿಯ ಗುಂಪಿನಲ್ಲೇ ಹೋಗಿ ಓಟು ಕೇಳುವ ಧೈರ್ಯ ನನಗೊಬ್ಬಳಿಗೇ ಎಂಬ ಜಂಬ ಬೇರೆ. ನಾನು ಹೊಲ ಮುಟ್ಟಿದಾಗ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದರು. ಆಕೆ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೈಗೆ ಕೊಟ್ಟಳು. ನಾನು ಆರು ತಿಂಗಳ ಹಿಂದೆ ಆ ಮನೆಯ ಮುಂದೆ ನಿಂತು ಆಡಿದ್ದು ಆಕೆಗೆ ನೆನಪೇ ಇಲ್ಲವೇನೋ ಎಂಬಂತೆ. ಒಬ್ಬಳು ಕೊಡದಿಂದ ನೀರು ಬಗ್ಗಿಸಿ ಚೊಂಬು ಚಾಚಿದಳು. ಊರಿನಿಂದ ತಂದ ಕೆರೆಯ ನೀರು. ನನ್ನ ಹತ್ತಿರ ಬಾಟಲಿ ಇದೆ ಎಂದು ಚೀಲದಿಂದ ತೆಗೆದು ನನ್ನ ನೀರು ಕುಡಿದೆ.

ಊಟವಾದ ಮೇಲೆ ಕರಪತ್ರ ಹಂಚಿದೆ. ಕಾಗದವನ್ನು ತಿರುವಿ ಮುರುವಿ ನೋಡಿ ಆಕೆ ನನ್ನ ಕೈಗೇ ಕೊಟ್ಟಳು. ‘ಓದು ತಂಗಿ. ನಮ್ಮಾಗ ಭಾಳ ಮಂದಿಗೆ ಓದಾಕ ಬರಂಗಿಲ್ಲ. ಏನು ಬರಸೀಯೋ ಕೇಳೂಣು.’

ಎದ್ದು ನಿಂತು ಓದಿದೆ. ಬೇಲಿಯ ಮಾತಿಗೆ ತಲೆಯಾಡಿಸಿದರು. ಡ್ರಮ್ಮಿನ ಮಾತಿಗೂ ಆಡಿಸಿದರು. ಕೊನೆಯ ಸಾಲಿಗೆ ಬಂದಾಗ ದನಿ ಏರಿಸಿ, ಪಂಪು ತೊಳೆದವರ ಹೆಸರು ಬೋರ್ಡಿಗೆ ಬರೆಸುತ್ತೇನೆ ಎಂದೆ. ಗುಂಪಿನ ಹುಡುಗಿಯೊಬ್ಬಳು, ಅವರಲ್ಲಿ ಓದು ಬಲ್ಲವಳು ಅವಳೊಬ್ಬಳೇ, ಸೆರಗಿನಲ್ಲಿ ನಗು ಮುಚ್ಚಿಕೊಂಡು ಕೇಳಿದಳು: ‘ಮೊದಲನೇ ಹೆಸರು ಯಾರದು ಬರಸ್ತಿ?’

‘ಸುಮ್ಕಿರಬೇ’ ಎಂದು ಆಕೆ ಅವಳನ್ನು ಗದರಿದಳು. ಆಮೇಲೆ ನನ್ನ ಕಡೆ ತಿರುಗಿ, ‘ಚಂದ ಬರದೀ. ಸಾಲಿ ದಾರ್ಯಾಗ ಗಿಡ ಹಚ್ಚೋದು ನನ್ನ ತಲ್ಯಾಗ ಬಂದಿರಲಿಲ್ಲ’ ಎಂದಳು. ಅದು ಕುಹಕವಲ್ಲ. ಎದುರಾಳಿಯ ಕರಪತ್ರವನ್ನು ಎದುರಾಳಿಯ ಮುಂದೆಯೇ ಮನಸಾರೆ ಮೆಚ್ಚಿದವಳನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಆದರೆ ಆ ಹುಡುಗಿಯ ನಗು ಬಸ್ಸಿನಲ್ಲಿ ಊರವರೆಗೂ ನನ್ನ ಜೊತೆ ಬಂತು. ಮನೆಗೆ ಬಂದವಳೇ ಮಾವನ ಮುಂದೆ ನಿಂತೆ. ಅವರು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ನಮ್ಮ ಪಂಪನ್ನು ಎಲ್ಲಿ ತೊಳೆಯುತ್ತೀರಿ ಎಂದು ಕೇಳಿದೆ. ಅವರು ತಲೆಯನ್ನೂ ಎತ್ತಲಿಲ್ಲ.

‘ಕೆರ್ಯಾಗ. ಎಲ್ಲಾರೂ ಅಲ್ಲೇ ತೊಳೀತಾರ. ಆಕಿನೂ ಇದನ್ನ ಕೇಳಿದ್ಲು. ನೆಲ್ಲು ಹಚ್ಚಾಕ ಬಾ ಅಂದ್ರ, ಮೊದ್ಲು ಪಂಪು ಎಲ್ಲಿ ತೊಳೀತೀರಿ ಹೇಳ್ರಿ ಅಂದ್ಲು. ಕೂಲಿ ಮಾಡಾಕಿ ನನ್ನ ಜಬಾಬು ಕೇಳತಾಳ. ಹೋಗತ್ಲಾಗ ಅಂದೆ.’

ನನಗ್ಯಾಕ ಹೇಳಲಿಲ್ಲ ಅಂದೆ. ‘ನೀ ಎಲ್ಲಿ ಕೇಳಿದಿ? ಚಪ್ಲಿ ಮೆಟ್ಕೊಂಡು ಜಗಳಕ್ಕ ಹೋದಿ’ ಎಂದರು. ಅದು ನೂರಕ್ಕೆ ನೂರು ನಿಜ.

ಆಮೇಲೆ ಅಲ್ಲಿ ಇಲ್ಲಿ ವಿಚಾರಿಸಿದಾಗ ಎಲ್ಲ ತಿಳಿಯಿತು. ಎರಡು ವರ್ಷದಿಂದ ಆ ಗುಂಪು ಯಾವ ಗದ್ದೆಗೆ ಹೋಗುವ ಮೊದಲೂ ಇದೊಂದೇ ಪ್ರಶ್ನೆ ಕೇಳುತ್ತಿತ್ತು. ಕೆರೆಯಲ್ಲಿ ತೊಳೆಯುತ್ತೇವೆ ಅಂದರೆ ಬರುತ್ತಿರಲಿಲ್ಲ. ಹೊಲದಲ್ಲೇ ಒಂದು ಡ್ರಮ್ಮು ಇಟ್ಟುಕೊಂಡು, ಪಂಪು ತೊಳೆದ ನೀರನ್ನು ಅದೇ ಹೊಲಕ್ಕೆ ಸುರಿಯುತ್ತೇವೆ ಎಂದು ಕಬೂಲು ಮಾಡಿದವರಿಗೆ ಮಾತು ಕೊಡುತ್ತಿತ್ತು. ಕಾಲುವೆಗೆ ನೀರು ಬಿಟ್ಟ ವಾರದಲ್ಲಿ ನಾಟಿ ಗುಂಪಿನ ಮುಂದೆ ಎಂಥ ಧಣಿಯೂ ಮೆತ್ತಗಾಗುತ್ತಾನೆ. ಆ ಒಂದು ವಾರದ ಬಲವನ್ನು ಆಕೆ ಇನ್ನಾವುದಕ್ಕೂ ಬಳಸದೆ ಇದಕ್ಕೆ ಬಳಸಿದಳು. ನಾನು ಬಣ್ಣದ ಕಾಗದದಲ್ಲಿ ಮಾಡುತ್ತೇನೆ ಎಂದು ಬರೆಸಿದ್ದನ್ನು ಆಕೆ ಕೆಸರಲ್ಲಿ ನಿಂತು ಆಗಲೇ ಅರ್ಧ ಮಾಡಿ ಮುಗಿಸಿದ್ದಳು. ಊರಿನ ಎಷ್ಟೋ ಪಂಪುಗಳು ಕೆರೆಗೆ ಬರುವುದು ನಿಂತಿತ್ತು. ನನ್ನ ಬೈಗುಳಕ್ಕೆ ನಿಂತದ್ದೆಂದು ನಾನು ತಿಳಿದುಕೊಂಡಿದ್ದೆ.

ನಾಮಪತ್ರ ವಾಪಸು ತೆಗೆಯುವ ದಿನ ಆಗಲೇ ದಾಟಿತ್ತು. ನಾಚಿಕೆಯನ್ನು ಏನು ಮಾಡಬೇಕೆಂದು ತಿಳಿಯದೆ, ನನಗೆ ಗೊತ್ತಿರುವ ಒಂದೇ ದಾರಿ ಹಿಡಿದೆ. ಕಪಾಟಿನ ಹಿಂದಿನ ಬೋರ್ಡು ತೆಗೆದು, ಮೊದಲನೆಯ ಸಾಲಿನಲ್ಲಿ ಮಾವನ ಹೆಸರನ್ನು ದಪ್ಪಗೆ ಬರೆದು, ಬೆಳಕು ಹರಿಯುವ ಹೊತ್ತಿಗೆ ಏರಿಯ ಮೇಲಿನ ಕಂಬಕ್ಕೆ ಕಟ್ಟಿ ಬಂದೆ. ನುಡಿದಂತೆ ನಡೆದೆ ಎಂಬ ಹೆಮ್ಮೆ.

ಚಹಾಕ್ಕೆ ನೀರಿಟ್ಟಿದ್ದೆ, ಮನೆಯ ಮುಂದೆ ಆಟೋ ನಿಂತಿತು. ಇಪ್ಪತ್ತು ಹೆಂಗಸರೂ ಒಳಗೇ ಕೂತಿದ್ದರು. ಆಕೆ ಒಬ್ಬಳೇ ಇಳಿದು ಬಂದಳು. ಕಂಕುಳಲ್ಲಿ ಗೋಣಿಚೀಲ ಸುತ್ತಿದ ನನ್ನ ಬೋರ್ಡು. ಹತ್ತಿಗೆ ಹೊರಟವರು ಏರಿಯ ದಾರಿಯಲ್ಲಿ ಅದನ್ನು ಕಂಡು, ಆ ಹುಡುಗಿಯಿಂದ ಓದಿಸಿ, ಊರು ಏಳುವ ಮೊದಲೇ ಬಿಚ್ಚಿ ತಂದಿದ್ದರು.

‘ಹಿರೇಮನುಷ್ಯಾ ಊರಾಗ ತಲಿ ಎತ್ತಿ ತಿರುಗಬೇಕಲ್ಲ’ ಎಂದಳು. ‘ಹೆಸರು ಹಚ್ಚಿದ್ರ ಮಂದಿ ಕದ್ದು ತೊಳೀತಾರ ತಂಗಿ. ಮಾರಿ ನೋಡಿ ಕೇಳಿದ್ರ ಬಿಡತಾರ.’

ಬೋರ್ಡು ಅಲ್ಲೇ ಇದ್ದಿದ್ದರೆ, ಮಾವನ ಮಾನ ಕಳೆದ ಸೊಸೆ ಎಂದು ಮಧ್ಯಾಹ್ನದ ಹೊತ್ತಿಗೆ ನನ್ನ ಚುನಾವಣೆ ಮುಗಿದಿರುತ್ತಿತ್ತು. ಅದನ್ನು ತಿಳಿಯದಷ್ಟು ದಡ್ಡಿಯಲ್ಲ ಆಕೆ. ಗೆಲುವು ತಾನಾಗಿ ಕೈಗೆ ಬಂದಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿ ತಂದು ನನಗೆ ವಾಪಸು ಕೊಟ್ಟಳು. ನನಗೆ ಅಳು ಬಂತು. ಅಂಗಡಿಯ ಮುಂದೆ ಡಮ್ಮಿ ಅಂದದ್ದು ತಪ್ಪಾಯಿತು ಯಕ್ಕಾ ಎಂದೆ. ಆ ಶಬ್ದ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹತ್ತಿ ಬಿಡಿಸಾಕ ಹೊತ್ತಾತು ಎಂದು ಆಕೆ ಆಟೋ ಹತ್ತಿದಳು.

ಬೋರ್ಡು ಹಚ್ಚಲಿಲ್ಲ, ಆದರೆ ಅಂದಿನಿಂದ ಓಟು ಕೇಳಲು ಹೋದ ಮನೆಗಳಲ್ಲೆಲ್ಲ ಮೊದಲು ನಮ್ಮ ಪಂಪಿನ ಮಾತು ಹೇಳಿ ಆಮೇಲೆ ಕರಪತ್ರ ಕೊಟ್ಟೆ. ಕೆಲವರು ನಕ್ಕರು. ಕೆಲವರು, ನಮ್ಮದೂ ಅಲ್ಲೇ ತೊಳೀತಿದ್ವಿ, ಈಗ ಬಿಟ್ಟೀವಿ ಎಂದು ತಾವಾಗಿ ಹೇಳಿದರು. ಮಾವನ ಕಿವಿಗೂ ಮುಟ್ಟಿತು. ಒಂದು ವಾರ ನನ್ನ ಕೈಯಿಂದ ಚಹಾ ತೆಗೆದುಕೊಳ್ಳಲಿಲ್ಲ. ಗಂಡ ನಮ್ಮಿಬ್ಬರ ನಡುವೆ ಚಹಾದ ಕಪ್ಪುಬಸಿ ಸಾಗಿಸುತ್ತ ಬಾಯಿ ಮುಚ್ಚಿಕೊಂಡಿದ್ದರು.

ಮತದಾನದ ದಿನ ಮರೆಯ ಹಿಂದೆ ಚೀಟಿ ಹಿಡಿದು ನಿಂತಾಗ ನನ್ನ ಕೈ ಮೊದಲು ಹೊಲಿಗೆ ಯಂತ್ರದ ಮೇಲೇ ಹೋಯಿತು. ಹೇಳಬಾರದು, ಆದರೂ ಹೇಳುತ್ತೇನೆ: ಮುದ್ರೆಯನ್ನು ಆಟೋದ ಮುಂದೆ ಒತ್ತಿ ಬಂದೆ. ಮಸ್ಕಿಯಲ್ಲಿ ಎಣಿಕೆ ಮುಗಿದಾಗ ಯಕ್ಕ ಗೆದ್ದಿದ್ದಳು. ಗುಂಪಿನವರು ಗುಲಾಲು ಎರಚಿ ಆಕೆಯನ್ನು ಗುರುತು ಸಿಗದಂತೆ ಮಾಡಿದ್ದರು. ಸೋತದ್ದಕ್ಕೆ ನನಗೆ ನೋವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಮನೆಗೆ ಬಂದು ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಎರಡು ದಿನ ಯಾರ ಜಂಪರನ್ನೂ ಮುಟ್ಟಲಿಲ್ಲ.

ಬೇಸಿಗೆ ಬೆಳೆಗೆ ಕಾಲುವೆ ಬಿಟ್ಟರು. ಕೆರೆ ತುಂಬಿತು. ನಮ್ಮ ಸಸಿ ನಾಟಿಗೆ ಬಂತು. ಯಕ್ಕ ಪಂಚಾಯಿತಿ ಸದಸ್ಯೆಯಾದರೂ ಗುಂಪು ಬಿಟ್ಟಿರಲಿಲ್ಲ; ಸಭೆಯಿದ್ದ ದಿನ ಸಭೆಗೆ, ಉಳಿದ ದಿನ ಕೆಸರಿಗೆ. ಹೋಗಿ ಗುಂಪು ಕರೆದು ಬಾ ಎಂದು ಮಾವ ನನಗೆ ಹೇಳಿದರು. ನೀವೇ ಹೋಗ್ರಿ ಅಂದೆ. ಅವರು ಬಹಳ ಹೊತ್ತು ಕೂತಿದ್ದು, ಕೊನೆಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಾಲೋನಿಯ ಕಡೆ ನಡೆದರು. ಅಲ್ಲಿ ಏನು ಮಾತಾಯಿತೋ ಇವತ್ತಿಗೂ ಹೇಳಿಲ್ಲ. ಮರುದಿನ ಸಿಂಧನೂರಿನಿಂದ ಒಂದು ನೀಲಿ ಡ್ರಮ್ಮು ತಂದು ಗದ್ದೆಯ ಮೂಲೆಯಲ್ಲಿ ಇಟ್ಟರು.

ನಾಟಿಯ ದಿನ ಗುಂಪು ಬಂದು ಬದುವಿನ ಮೇಲೆ ಸಾಲಾಗಿ ನಿಂತಿತು. ಯಾರೂ ಗದ್ದೆಗೆ ಇಳಿಯಲಿಲ್ಲ. ಯಕ್ಕ ಮಾವನ ಮುಂದೆ ಬಂದು ನಿಂತು, ಗೊತ್ತಿದ್ದದ್ದನ್ನೇ ಮತ್ತೆ ಕೇಳಿದಳು.

‘ಪಂಪು ಎಲ್ಲಿ ತೊಳೀತೀರಿ, ಯಜಮಾನ್ರ?’

‘ಇಲ್ಲೇ ತೊಳೀತೀನಿ, ಬಾರವ್ವ’ ಎಂದು ಮಾವ ಆಕೆಯನ್ನು ಡ್ರಮ್ಮಿನ ಹತ್ತಿರ ಕರೆದುಕೊಂಡು ಹೋದರು. ಆಕೆ ಬಗ್ಗಿ ನೋಡಿದಳು. ಪಂಪು ತರಿಸಿ ಮುಚ್ಚಳ ತೆಗೆದು ಮೂಸಿ ನೋಡಿದಳು. ಆಮೇಲೆ ತಮ್ಮ ಕೊಡದಿಂದ ಚೊಂಬು ತುಂಬಿ ಮಾವನ ಕಡೆ ಚಾಚಿದಳು. ಪಂಪು ತೊಳೆಯದ ಕೆರೆಯ ನೀರಾದರೆ ಕುಡಿಯಲು ಅಡ್ಡಿಯಿಲ್ಲವಲ್ಲ ಎಂಬಂತೆ. ಮಾವ ಕಾಲೋನಿಯ ಕೊಡದ ನೀರನ್ನು ಜನ್ಮದಲ್ಲಿ ಮುಟ್ಟಿದವರಲ್ಲ. ಚೊಂಬು ಹಿಡಿದುಕೊಂಡು ಒಂದು ಗಳಿಗೆ ಅದರೊಳಗೇ ನೋಡಿದರು. ಕುಡಿದರು.

ನೋಡಿದಿರಾ ನಮ್ಮ ಮಾವ ಎಂಥವರು ಎಂದು ಎಲ್ಲರ ಮುಖ ನೋಡುತ್ತಿದ್ದೆ. ಅಷ್ಟರಲ್ಲಿ ಯಕ್ಕ ಚೊಂಬನ್ನು ಮತ್ತೆ ತುಂಬಿ ನನ್ನ ಮುಂದೆ ಹಿಡಿದಳು.

‘ನೀನೂ ಕುಡಿ ತಂಗಿ.’

ಈ ನೀರಿಗಾಗಿ ಕರಪತ್ರ ಮಾಡಿಸಿದವಳು ನಾನು. ಏರಿ ಹತ್ತಿದವರನ್ನೆಲ್ಲ ಬೈದವಳು ನಾನು. ಈ ಊರಿಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಗಿತ್ತು, ಒಂದು ದಿನವೂ ಆ ನೀರನ್ನು ಬಾಯಿಗಿಟ್ಟಿರಲಿಲ್ಲ. ಆಗಲೂ ಫಿಲ್ಟರ್ ನೀರಿನ ಬಾಟಲಿ ನನ್ನ ಹೆಗಲ ಚೀಲದಲ್ಲೇ ಇತ್ತು, ಹತ್ತಿ ಹೊಲದಲ್ಲಿ ಅವರೆಲ್ಲರ ಎದುರು ತೆಗೆದ ಅದೇ ಬಾಟಲಿ. ಯಕ್ಕ ಅದನ್ನು ಅವತ್ತೇ ನೋಡಿದ್ದಳು. ನೋಡಿಯೂ ರೊಟ್ಟಿ ಕೊಟ್ಟು, ಕರಪತ್ರ ಚಂದ ಬರದೀ ಎಂದಿದ್ದಳು.

ಚೊಂಬು ತೆಗೆದುಕೊಂಡು ಪೂರ್ತಿ ಕುಡಿದೆ. ಒಂಚೂರು ಮಣ್ಣಿನ ರುಚಿಯಿತ್ತು, ಬೇರೆ ಯಾವ ವಾಸನೆಯೂ ಇರಲಿಲ್ಲ. ಯಕ್ಕ ಖಾಲಿ ಚೊಂಬನ್ನು ಕೊಡದ ಮೇಲೆ ಬೋರಲು ಹಾಕಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಎಲ್ಲರಿಗಿಂತ ಮೊದಲು ನಮ್ಮ ಗದ್ದೆಗೆ ಇಳಿದಳು.